ಏರ್ ಪಿಸ್ತೂಲಿಗೆ ಹೊಸ ಟ್ರಿಗರ್ ಬ್ಲೇಡ್ ಹಾಕಿದ್ಮೇಲೆ ಟ್ರಿಗರ್ ತೂಕ 460 ಗ್ರಾಂಗೆ ಇಳ್ದಿದೆ, ಏನ್ಮಾಡ್ಲಿ?

ಬನಶಂಕರಿ ಬಲಗೈ

ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗತ್ತೆ ಬೇಜಾರ್ ಮಾಡ್ಕೋಬೇಡಿ.

10 ಮೀಟರ್ ಏರ್ ಪಿಸ್ತೂಲ್ ಶುರು ಮಾಡಿ ಒಂದೂವರೆ ವರ್ಷ ಆಯ್ತು. ಮೊದ್ಲು ಕ್ಲಬ್ ಪಿಸ್ತೂಲಲ್ಲೇ ಹೊಡೀತಿದ್ದೆ, ಹೋದ ದಸರಾ ಟೈಮಲ್ಲಿ ಒಬ್ರು ಸೀನಿಯರ್ ಹತ್ರ ಸೆಕೆಂಡ್ ಹ್ಯಾಂಡ್ ಸ್ಟೈಯರ್ ಎಲ್‌ಪಿ10 ತಗೊಂಡೆ. ಗನ್ ಬಗ್ಗೆ ಒಂದು ಮಾತಿಲ್ಲ, ಚೆನ್ನಾಗೇ ಇಟ್ಕೊಂಡಿದ್ರು. ಆದ್ರೆ ನನ್ ಬೆರಳು ಸ್ವಲ್ಪ ಉದ್ದ, ಹಳೇ ಬ್ಲೇಡಲ್ಲಿ (ಟ್ರಿಗರಲ್ಲಿ ಬೆರಳಿಡೋ ಪಟ್ಟಿ) ಬೆರಳಿನ ತುದಿ ಸರಿಯಾಗಿ ಕೂರ್ತಾನೇ ಇರ್ಲಿಲ್ಲ, ಮೊದಲನೇ ಗೆಣ್ಣಿನ ಸಂದಿಗೆ ಹೋಗಿ ಸಿಕ್ಕಾಕೊಳ್ತಿತ್ತು. ಅದಕ್ಕೆ ಆನ್‌ಲೈನಲ್ಲಿ ನೋಡಿ ಒಂದು ಹೊರಗಿನ ಬ್ಲೇಡ್ ತರಿಸ್ದೆ, ಅಗಲ ಜಾಸ್ತಿ, ಕೆಳಗಡೆಗೂ ಸ್ವಲ್ಪ ಉದ್ದ ಇದೆ, ನೋಡೋಕೆ ಬಹಳ ಚೆನ್ನಾಗಿದೆ.

ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಡೈನಿಂಗ್ ಟೇಬಲ್ ಮೇಲೆ ಟವೆಲ್ ಹಾಸ್ಕೊಂಡು ಫಿಟ್ ಮಾಡ್ದೆ. ಫಿಟ್ ಮಾಡೋದು ಐದು ನಿಮಿಷದ ಕೆಲಸ, ಒಂದೇ ಸ್ಕ್ರೂ. ಅಲ್ಲಿಗೇ ನಿಲ್ಲಿಸಿದ್ರೆ ಈ ಪೋಸ್ಟ್ ಬರೀತಿರ್ಲಿಲ್ಲ. ಕೈಯಲ್ಲಿ ಆಲನ್ ಕೀ ಇತ್ತಲ್ಲ, ಹೆಂಗೂ ಬಿಚ್ಚಿದೀನಿ ಅಂತ ಒಳಗಿನ ಇನ್ನೂ ಮೂರು ಸ್ಕ್ರೂನೂ ತಿರುಗಿಸಿದೆ, ಯಾವುದು ಎಷ್ಟು ಸುತ್ತು ಅಂತ ಬರ್ಕೊಂಡಿಲ್ಲ. ಬೈಬೇಡಿ, ಮನೇಲಿ ಆಗ್ಲೇ ಬೈಸ್ಕೊಂಡಾಗಿದೆ.

ಈಗಿನ ಪರಿಸ್ಥಿತಿ ಹೇಳ್ತೀನಿ. ಮೊದ್ಲು ಟ್ರಿಗರ್ ತೂಕ (ಎಷ್ಟು ಭಾರ ಬಿದ್ರೆ ಟ್ರಿಗರ್ ಬಿಡತ್ತೆ ಅನ್ನೋದು, ನಮ್ ಮ್ಯಾಚಿಗೆ ಕನಿಷ್ಠ 500 ಇರ್ಬೇಕು) 520 ಗ್ರಾಂ ಇತ್ತು, ಈಗ 460 ಹತ್ರ ಇದೆ. ಹೋದ ವಾರ ಕ್ಲಬ್ ಮ್ಯಾಚಲ್ಲಿ ಎಕ್ವಿಪ್‌ಮೆಂಟ್ ಚೆಕ್ಕಿಗೆ ಕೊಟ್ರೆ 500 ಗ್ರಾಂ ತೂಕ ಮೂರು ಸಲಕ್ಕೂ ಏಳಲಿಲ್ಲ, ಟಕ್ ಅಂತ ರಿಲೀಸ್ ಆಗೋಯ್ತು, ಕೊನೆಗೆ ಕ್ಲಬ್ ಗನ್ನಲ್ಲೇ ಮ್ಯಾಚ್ ಹೊಡೆದೆ. ಎರಡನೇದು, ಫಸ್ಟ್ ಸ್ಟೇಜ್ ಅನ್ನೋದೇ ಮಾಯ ಆಗಿದೆ, ಬೆರಳಿಟ್ಟ ತಕ್ಷಣ ನೇರ ಗೋಡೆಗೆ ಹೋಗಿ ತಾಗಿದಂಗೆ ಆಗತ್ತೆ. ಮೂರನೇದು ಹೇಳೋಕೇ ನಾಚಿಕೆ, ಎರಡು ಸಲ ಬೆರಳು ಇಡೋಕ್ ಮುಂಚೆನೇ ಫೈರ್ ಆಗಿದೆ. ಒಂದು ಸಲ ಪೆಲೆಟ್ ಇರ್ಲಿಲ್ಲ. ಇನ್ನೊಂದು ಸಲ ಇತ್ತು, ಕಾಕ್ ಮಾಡಿ (ಹೊಡೆಯೋಕೆ ರೆಡಿ ಮಾಡಿ) ಲಿವರ್ ಮುಚ್ಚಿದ ಕೂಡ್ಲೇ ಹೊಡ್ಕೊಂಡು ಟೇಬಲ್ ಮುಂದಿನ ಮರದ ಪಟ್ಟಿಗೆ ಹೋಗಿ ಕೂತಿತು. ಮೂತಿ ಟಾರ್ಗೆಟ್ ಕಡೆಗೇ ಇತ್ತು, ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಕೋಚ್ ಮುಖ ನೋಡ್ಬೇಕಿತ್ತು ನೀವು.

ಪ್ರಶ್ನೆ ಏನಂದ್ರೆ, ಬ್ಲೇಡ್ ಮಾತ್ರ ಬದಲಾಯಿಸಿದ್ರೆ ತೂಕ ಯಾಕೆ ಬದಲಾಗತ್ತೆ? ಸ್ಪ್ರಿಂಗ್ ನಾನು ಮುಟ್ಟಿಲ್ಲ ಅನ್ಸತ್ತೆ (ಅನ್ಸತ್ತೆ ಅಷ್ಟೇ). ಬ್ಲೇಡ್ ವಾಪಸ್ ಕಳಿಸ್ಬಿಡ್ಲಾ ಇಲ್ಲ ಅಡ್ಜಸ್ಟ್ ಮಾಡಿದ್ರೆ ಸರಿ ಹೋಗತ್ತಾ?

ಹಳೇ ಟೂಲ್‌ಬಾಕ್ಸ್

ಮೂರನೇದನ್ನ ಮೊದಲನೇದಾಗಿ ಬರೀಬೇಕಿತ್ತು ನೀವು. ಬೆರಳು ಇಡದೆ ಫೈರ್ ಆಗೋ ಗನ್ನಿಗೆ ತೂಕ 460 ಇದ್ರೇನು 560 ಇದ್ರೇನು. ಇವತ್ತಿಂದ ಇದು ರಿಪೇರಿ ಆಗೋವರ್ಗೂ ಅದಕ್ಕೆ ಪೆಲೆಟ್ ಹಾಕ್ಬೇಡಿ, ಒಂದೇ ಒಂದು ಹೊಡೀತೀನಿ ಚೆಕ್ ಮಾಡೋಕೆ ಅಂತನೂ ಬೇಡ.

ಈಗ ಏನಾಗಿದೆ ಅಂತ ಹೇಳ್ತೀನಿ, ನೀವು ಬರೆದಿರೋದ್ರಲ್ಲೇ ಉತ್ತರ ಇದೆ. ಒಳಗಡೆ ಸೀರ್ ಅಂತ ಒಂದು ಸಣ್ಣ ಕೊಕ್ಕೆ ಇರತ್ತೆ, ಸ್ಪ್ರಿಂಗ್ ಒತ್ತಡದಲ್ಲಿ ನಿಂತಿರೋ ಹ್ಯಾಮರನ್ನ ಅದು ಒಂದು ಅಂಚಲ್ಲಿ ಹಿಡ್ಕೊಂಡಿರತ್ತೆ. ಟ್ರಿಗರ್ ಎಳೆದ್ರೆ ಆ ಅಂಚು ಜಾರತ್ತೆ, ಹ್ಯಾಮರ್ ಹೋಗಿ ವಾಲ್ವಿಗೆ ಹೊಡೆಯತ್ತೆ, ಗಾಳಿ ಬಿಡತ್ತೆ. ಫಸ್ಟ್ ಸ್ಟೇಜ್ ಅಂದ್ರೆ ಟ್ರಿಗರ್ ಆ ಅಂಚಿನ ಹತ್ರಕ್ಕೆ ಹೋಗೋ ಖಾಲಿ ದಾರಿ, ಸೆಕೆಂಡ್ ಸ್ಟೇಜ್ ಅಂದ್ರೆ ಅಂಚು ಜಾರೋ ಕೊನೇ ತಳ್ಳು. ನೀವು ಮಾಡಿರೋದು ಏನಪ್ಪಾ ಅಂದ್ರೆ ಫಸ್ಟ್ ಸ್ಟೇಜಿನ ಉದ್ದದ ಸ್ಕ್ರೂನ ಪೂರ್ತಿ ಒಳಗೆ ತಿರುಗಿಸಿಬಿಟ್ಟಿದೀರ, ಅದಕ್ಕೇ ಟ್ರಿಗರ್ ಸುಮ್ನೆ ಇರೋವಾಗ್ಲೇ ಗೋಡೆಗೆ ಆತು ನಿಂತಿದೆ, ಇನ್ನೂ ಒಂಚೂರು ಜಾಸ್ತಿ ಆಗಿ ಸೀರನ್ನೇ ಅರ್ಧ ತಳ್ಕೊಂಡು ಕೂತಿದೆ. ಅಂಚಿನ ಮೇಲೆ ಕಾಲಿಟ್ಟು ನಿಂತವನನ್ನ ಬೀಳಿಸೋಕೆ ಎಷ್ಟು ಬೇಕು, ಲಿವರ್ ಮುಚ್ಚಿದ ಅದುರೇ ಸಾಕು. ಹಂಗಾಗಿ ನಿಮ್ಮ ಎರಡನೇ ಪ್ರಾಬ್ಲಮ್ಮು ಮೂರನೇ ಪ್ರಾಬ್ಲಮ್ಮು ಎರಡೂ ಒಂದೇ.

ಮೂರು ಸ್ಕ್ರೂಲಿ ಸೀರ್ ಎಂಗೇಜ್‌ಮೆಂಟ್ ಸ್ಕ್ರೂನೂ ಒಂದಾಗಿದ್ರೆ ಇನ್ನೂ ಕೆಟ್ಟದ್ದು. ಮ್ಯಾನ್ಯುಯಲ್ ಇಲ್ದೆ ಅದನ್ನ ಮುಟ್ಟಲೇಬಾರ್ದು. ಯಾವ ಸ್ಕ್ರೂ ಯಾವ ಕಡೆಗೆ ತಿರುಗಿಸಿದ್ರೆ ಏನು ಅನ್ನೋದು ಮಾಡಲ್‌ನಿಂದ ಮಾಡಲ್ಲಿಗೆ ಬೇರೆ ಇರತ್ತೆ, ನಾನು ಇಲ್ಲಿ ಬಲಕ್ಕೆ ತಿರುಗಿಸಿ ಅಂತ ಬರೆದು ನಾಳೆ ಇನ್ಯಾರೋ ಬೇರೆ ಗನ್ನಿಗೆ ಅದನ್ನೇ ಮಾಡ್ಕೊಂಡ್ರೆ ಕಷ್ಟ. ಮ್ಯಾನ್ಯುಯಲ್ ತೆಗೀರಿ, ಫ್ಯಾಕ್ಟರಿ ಸೆಟ್ಟಿಂಗಿಗೆ ವಾಪಸ್ ತನ್ನಿ, ಅಲ್ಲಿಂದ ಶುರು ಮಾಡಿ.

ಇನ್ನು ತೂಕ. ನೀವು ಸ್ಪ್ರಿಂಗ್ ಮುಟ್ಟದೇ ಇದ್ರೂ ತೂಕ ಬದಲಾಗತ್ತೆ ಸ್ವಾಮಿ, ಸ್ಕೂಲಲ್ಲಿ ಓದಿದ ಸನ್ನೆಕೋಲು ನೆನಪು ಮಾಡ್ಕೊಳಿ. ಟ್ರಿಗರ್ ಒಂದು ಪಿನ್ನಿನ ಸುತ್ತ ತಿರುಗತ್ತೆ. ಪಿನ್ನಿಂದ ಬೆರಳು ಎಷ್ಟು ದೂರದಲ್ಲಿದೆ ಅನ್ನೋದ್ರ ಮೇಲೆ ಎಷ್ಟು ಬಲ ಬೇಕು ಅನ್ನೋದು ಇರತ್ತೆ. ಉದಾಹರಣೆಗೆ ಹಳೇ ಬ್ಲೇಡಿನ ಮಧ್ಯಭಾಗ ಪಿನ್ನಿಂದ 20 ಮಿಲಿಮೀಟರ್ ಇತ್ತು, ಹೊಸದು ಕೆಳಗೆ ಉದ್ದ ಇರೋದ್ರಿಂದ 22.5 ಆಯ್ತು ಅಂದ್ಕೊಳಿ. 520ನ್ನ 20ರಿಂದ ಗುಣಿಸಿ 22.5ರಿಂದ ಭಾಗಿಸಿ, 462 ಬರತ್ತೆ. ಎರಡೂವರೆ ಮಿಲಿಮೀಟರ್‌ಗೆ 58 ಗ್ರಾಂ ಹೋಯ್ತು! ನಿಮ್ಮ ಗನ್ನಲ್ಲಿ ನಿಜವಾದ ಅಳತೆ ಎಷ್ಟೋ ಸ್ಕೇಲ್ ಇಟ್ಟು ನೀವೇ ನೋಡಿ, ಆದ್ರೆ ಲೆಕ್ಕ ಇದೇ. ಬಲ ಎಷ್ಟು ಕಮ್ಮಿ ಆಯ್ತೋ ಬೆರಳು ಹೋಗೋ ದೂರ ಅಷ್ಟು ಜಾಸ್ತಿ ಆಗಿರತ್ತೆ, ಪುಕ್ಕಟೆ ಏನೂ ಸಿಕ್ಕಲ್ಲ. ಬ್ಲೇಡ್ ಮಾರೋರು ಸ್ಮೂತ್ ಫೀಲ್ ಸ್ಮೂತ್ ಫೀಲ್ ಅಂತಾರಲ್ಲ, ಅರ್ಧ ಇದೇನೇ.

ಹಂಗಾಗಿ ಬ್ಲೇಡ್ ವಾಪಸ್ ಕಳಿಸೋದೇನೂ ಬೇಡ, ಬ್ಲೇಡ್ ತಪ್ಪಿಲ್ಲ. ಕೂರಿಸಿದ್ಮೇಲೆ ತೂಕ ಹೊಸದಾಗಿ ಸೆಟ್ ಮಾಡ್ಬೇಕು ಅಷ್ಟೇ.

ಹತ್ತೂವರೆ

ಟೂಲ್‌ಬಾಕ್ಸ್ ಸರ್ ಹೇಳಿದ್ದು ಪೂರ್ತಿ ಸರಿ, ನಾನು ಅಳತೆ ಬಗ್ಗೆ ಮಾತ್ರ ಸೇರಿಸ್ತೀನಿ ಯಾಕಂದ್ರೆ ಅಲ್ಲೇ ಎಲ್ರೂ ಎಡವೋದು.

460 ಅಂತ ಹೆಂಗೆ ಅಳೆದ್ರಿ ನೀವು? ಲಗೇಜ್ ತೂಗೋ ಡಿಜಿಟಲ್ ಕೊಕ್ಕೆ ಇರತ್ತಲ್ಲ, ಎಸ್‌ಪಿ ರೋಡಲ್ಲಿ ಸಿಗೋದು, ಅದ್ರಲ್ಲಿ ಎಳೆದು ನೋಡಿದ್ರೆ ಆ ನಂಬರ್ ಮರೆತುಬಿಡಿ. ನೀವು ಎಷ್ಟು ಜೋರಾಗಿ ಎಳೀತೀರ, ಯಾವ ಕೋನದಲ್ಲಿ ಎಳೀತೀರ ಅನ್ನೋದ್ರ ಮೇಲೆ ಅದು ಕುಣಿಯತ್ತೆ. ಮ್ಯಾಚಲ್ಲಿ ಮಾಡೋದು ಬೇರೆ ರೀತಿ: ಗನ್ನಿನ ಮೂತಿ ನೆಟ್ಟಗೆ ಮೇಲಕ್ಕೆ, 500 ಗ್ರಾಂ ತೂಕ ಟೇಬಲ್ ಮೇಲೆ ಕೂತಿರತ್ತೆ, ಅದರ ಕೊಕ್ಕೆಯನ್ನ ಟ್ರಿಗರ್ ಮಧ್ಯಕ್ಕೆ ಹಾಕಿ ಗನ್ನನ್ನ ನಿಧಾನಕ್ಕೆ ಎತ್ತಬೇಕು. ತೂಕ ಟೇಬಲಿಂದ ಪೂರ್ತಿ ಬಿಟ್ಟು ಮೇಲೆ ಬರ್ಬೇಕು, ಟ್ರಿಗರ್ ರಿಲೀಸ್ ಆಗ್ಬಾರ್ದು. ಮೂರು ಚಾನ್ಸ್. ಏರ್ ಪಿಸ್ತೂಲಾದ್ರೆ ಗ್ಯಾಸ್ ಚಾರ್ಜ್ ಆಗಿರ್ಬೇಕು, ಡ್ರೈ ಫೈರ್ ಮೋಡಲ್ಲಿ (ಗಾಳಿ ಬಿಡದೆ ಬರೀ ಟ್ರಿಗರ್ ಎಳೆಯೋದು) ಪಾಸ್ ಆಯ್ತು ಅಂತ ಸಮಾಧಾನ ಪಟ್ಕೋಬೇಡಿ. ಮ್ಯಾಚ್ ಮುಂಚೆ ಫೇಲ್ ಆದ್ರೆ ಅಡ್ಜಸ್ಟ್ ಮಾಡ್ಕೊಂಡು ಮತ್ತೆ ತರಬಹುದು, ಮ್ಯಾಚ್ ಮುಗಿದ್ಮೇಲೆ ಚೆಕ್ಕಲ್ಲಿ ಫೇಲ್ ಆದ್ರೆ ಸ್ಕೋರ್ ಎಷ್ಟೇ ಇರ್ಲಿ ಡಿಸ್ಕ್ವಾಲಿಫೈ. ನಿಮ್ಮದು ಮುಂಚೆನೇ ಸಿಕ್ತಲ್ಲ, ದೇವ್ರು ದೊಡ್ಡೋನು.

ಮನೇಲಿ ಮಾಡೋಕೆ ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು. ಒಂದು ನೀರಿನ ಬಾಟಲಿಗೆ ಗಟ್ಟಿ ದಾರ ಕಟ್ಟಿ, ದಾರ ಕೊಕ್ಕೆ ಮುಚ್ಚಳ ಎಲ್ಲ ಸೇರಿಸಿ ತಕ್ಕಡಿ ಮೇಲಿಟ್ಟು ಚಮಚದಲ್ಲಿ ನೀರು ಹಾಕ್ತಾ ಹಾಕ್ತಾ ಸರಿಯಾಗಿ 510 ಬರ್ಸಿ. ಅದೇ ನಿಮ್ಮ ತೂಕ. 500ಕ್ಕೇ ಸರಿಯಾಗಿ ಸೆಟ್ ಮಾಡೋದು ಕಂಜೂಸ್‌ತನ, ದಾರ ಬ್ಲೇಡ್ ಮೇಲೆ ಎರಡು ಮಿಲಿಮೀಟರ್ ಕೆಳಗೆ ಜಾರಿದ್ರೆ ಏನಾಗತ್ತೆ ಅಂತ ಮೇಲೆ ಲೆಕ್ಕ ಇದೆಯಲ್ಲ. 510ರಿಂದ 520 ಇಟ್ಕೊಳಿ.

ಒಂದು ಕಥೆ. ನಮ್ ರೇಂಜಲ್ಲಿ ಒಬ್ಬ ಹುಡುಗ ನಂದಿನಿ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಲ್ಲೇ ಟ್ರಿಗರ್ ಸೆಟ್ ಮಾಡ್ತಿದ್ದ. ಐಡಿಯಾ ಕೆಟ್ಟದ್ದೇನಲ್ಲ, ಹಾಲು ನೀರಿಗಿಂತ ಸ್ವಲ್ಪ ಭಾರ, ಅರ್ಧ ಲೀಟರ್ ಅಂದ್ರೆ 515 ಗ್ರಾಂ ಆಸುಪಾಸು ಬರತ್ತೆ, ಪ್ಯಾಕೆಟ್ ಮೂಲೆಗೆ ರಬ್ಬರ್ ಬ್ಯಾಂಡ್ ಬಿಗಿದು ನೇತಾಕ್ತಿದ್ದ. 2024ರ ಜೂನಲ್ಲಿ ನಂದಿನಿಯವರು ಅರ್ಧ ಲೀಟರ್ ಪ್ಯಾಕೆಟ್ಟಿಗೆ 50 ಎಂಎಲ್ ಸೇರಿಸಿ ಎರಡು ರೂಪಾಯಿ ಜಾಸ್ತಿ ಮಾಡಿದ್ರಲ್ಲ, ಇವನಿಗೆ ಗೊತ್ತಿಲ್ಲ. ಟ್ರಿಗರ್ ಯಾಕೋ ಲೈಟ್ ಆಗಿದೆ ಸ್ಪ್ರಿಂಗ್ ಸತ್ತಿದೆ ಅಂತ ಟೈಟ್ ಮಾಡ್ತಾ ಮಾಡ್ತಾ 570ರ ಮೇಲೆ ಹೋಗಿ, ಒಂದು ತಿಂಗಳು ಹೊಡೆದಿದ್ದೆಲ್ಲ ಎಂಟು ಏಳು. ಅವರಮ್ಮ ಹಾಲು ಕಾಯಿಸೋವಾಗ ಪ್ಯಾಕೆಟ್ ಓದಿ ಹೇಳಿದ್ಮೇಲೆ ಗೊತ್ತಾಗಿದ್ದು. ಆಮೇಲೆ 2025ರ ಏಪ್ರಿಲಲ್ಲಿ ಮತ್ತೆ 500ಕ್ಕೇ ತಂದ್ರು, ಬೆಲೆ ಮಾತ್ರ ವಾಪಸ್ ಬರ್ಲಿಲ್ಲ.

ಫಿಲ್ಟರ್ ಕಾಫಿ ಸ್ಟ್ರಾಂಗ್

ಇಷ್ಟೆಲ್ಲ ಬೇಕಾ ಗುರು? ಪ್ಯಾರಿಸ್ ಒಲಿಂಪಿಕ್ಸಲ್ಲಿ ಆ ಟರ್ಕಿ ಅಂಕಲ್ ಯೂಸುಫ್ ಡಿಕೆಚ್ ಒಂದು ಕೈ ಜೇಬಲ್ಲಿಟ್ಕೊಂಡು ಟೀ ಶರ್ಟಲ್ಲಿ ಬಂದು ಸಿಲ್ವರ್ ಹೊಡ್ಕೊಂಡ್ ಹೋದ್ರು. ನಾವು ಇಲ್ಲಿ ಒಂದೂವರೆ ವರ್ಷಕ್ಕೇ ಬ್ಲೇಡು ಗ್ರಿಪ್ಪು ಅಂತ ದುಡ್ಡು ಸುರೀತಿದೀವಿ. ಮೊದ್ಲು 600ಕ್ಕೆ 560 ಸ್ಕೋರ್ ಹೊಡೀರಿ ಆಮೇಲೆ ಬ್ಲೇಡ್ ನೋಡಿ. ನನ್ ಅಭಿಪ್ರಾಯ ಅಷ್ಟೇ.

ಹತ್ತೂವರೆ

ಕಾಫಿ ಅವರೇ, ಆ ಫೋಟೋ ಎಲ್ರೂ ನೋಡಿದೀವಿ, ಆದ್ರೆ ಅವರು ಬಿಟ್ಟಿದ್ದು ಕಣ್ಣಿನ ಮೇಲಿನ ಲೆನ್ಸು ಬ್ಲೈಂಡರ್ರು ಅಂಥಾ ಐಟಂಗಳನ್ನ, ಕೈಯಲ್ಲಿ ಇದ್ದಿದ್ದು ಪಕ್ಕಾ ಮ್ಯಾಚ್ ಪಿಸ್ತೂಲೇ. ಕೈ ಜೇಬಲ್ಲಿ ಇಡೋದೂ ಸ್ಟೈಲ್ ಅಲ್ಲ, ನಾವೆಲ್ರೂ ಇಡ್ತೀವಿ, ಇಲ್ಲಾಂದ್ರೆ ಎಡಗೈ ನೇತಾಡಿ ಭುಜ ಅಲ್ಲಾಡತ್ತೆ. ಅವರು ಸಿಲ್ವರ್ ಹೊಡೆದ ಅದೇ ಮಿಕ್ಸೆಡ್ ಟೀಮಲ್ಲಿ ಕಂಚು ತಗೊಂಡ ಮನು ಭಾಕರ್‌ಗೆ ಅದಕ್ಕೆ ಮುಂಚಿನ ಟೋಕಿಯೋದಲ್ಲಿ ಕ್ವಾಲಿಫಿಕೇಶನ್ ಮಧ್ಯದಲ್ಲೇ ಪಿಸ್ತೂಲ್ ಕೈಕೊಟ್ಟಿತ್ತು, ರಿಪೇರಿಗೆ ನಿಮಿಷಗಟ್ಟಲೆ ಹೋಗಿ ಫೈನಲ್ಲೇ ತಪ್ಪೋಯ್ತು. ಎಕ್ವಿಪ್‌ಮೆಂಟ್ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಶೋಕಿ ಅಲ್ಲ ಸರ್.

ಮೊದ್ಲು ಸ್ಕೋರ್ ಆಮೇಲೆ ಬ್ಲೇಡ್ ಅನ್ನೋದನ್ನ ಅರ್ಧ ಒಪ್ತೀನಿ. ಆದ್ರೆ ಬೆರಳು ಕೂರದೇ ಇರೋದು ಚಪ್ಪಲಿ ಸೈಜ್ ಸರಿ ಇಲ್ದಂಗೆ, ಅದನ್ನ ಸಹಿಸ್ಕೊಂಡು ಓಡೋದ್ರಲ್ಲಿ ಏನೂ ದೊಡ್ಡಸ್ತಿಕೆ ಇಲ್ಲ.

ಬನಶಂಕರಿ ಬಲಗೈ

ಎಲ್ರಿಗೂ ಥ್ಯಾಂಕ್ಸ್. ಟೂಲ್‌ಬಾಕ್ಸ್ ಸರ್, ನಿಮ್ ಲೆಕ್ಕ ನೋಡಿ ಎದ್ದು ಹೋಗಿ ವರ್ನಿಯರ್ ತಂದು ಅಳೆದೆ. ಹಳೇದು 20ಕ್ಕೆ ಸ್ವಲ್ಪ ಕಮ್ಮಿ, ಹೊಸದು 22. ನಾನು ಸ್ಪ್ರಿಂಗ್ ಮುಟ್ಟಿರ್ಲಿಲ್ಲ ಅಂತ ಈಗ ನನಗೇ ಧೈರ್ಯ ಬಂತು. ಮ್ಯಾನ್ಯುಯಲ್ ಸೀನಿಯರ್ ಹತ್ರ ಇದೆ, ವಾಟ್ಸಾಪಲ್ಲಿ ಫೋಟೋ ಹೊಡೆದು ಕಳಿಸ್ತಾರಂತೆ. ಬಂದ್ಮೇಲೆ ಯಾವ ಆರ್ಡರಲ್ಲಿ ಮಾಡ್ಬೇಕು ಅಂತ ಹೇಳ್ತೀರಾ? ಚಿಕ್ಕ ಮಕ್ಕಳಿಗೆ ಹೇಳೋಹಂಗೆ ಬಿಡಿಸಿ ಹೇಳಿದ್ರೂ ಪರವಾಗಿಲ್ಲ.

ಹಳೇ ಟೂಲ್‌ಬಾಕ್ಸ್

ಸರಿ, ಆಫೀಸಿಂದ ಬಂದು ಕೂತ್ಕೊಂಡು ಬರೀತಿದೀನಿ, ಸಿಲ್ಕ್ ಬೋರ್ಡಲ್ಲಿ ಒಂದು ಗಂಟೆ ನಿಂತಿದ್ದೆ, ಅಲ್ಲೇ ಯೋಚನೆ ಮಾಡ್ಕೊಂಡಿದ್ದು ಎಲ್ಲ.

ಶುರು ಮಾಡೋಕ್ ಮುಂಚೆ ಗಾಳಿ ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಡಿ, ಬ್ರೀಚ್ (ಪೆಲೆಟ್ ಹಾಕೋ ಜಾಗ) ತೆಗೆದು ಕಣ್ಣಲ್ಲಿ ನೋಡಿ, ಪೆಲೆಟ್ ಡಬ್ಬಿ ಬೇರೆ ರೂಮಲ್ಲಿರ್ಲಿ. ಮೂತಿ ಮನೆಯೋರು ಓಡಾಡೋ ಕಡೆ ಬೇಡ, ಖಾಲಿ ಇದ್ರೂ ಬೇಡ. ಆಮೇಲೆ ಪ್ರತಿ ಸ್ಕ್ರೂಗೂ ಫೋನಲ್ಲಿ ಒಂದು ಫೋಟೋ. ಒಂದು ಪೇಪರ್ ಮೇಲೆ ಸ್ಕ್ರೂ ಹೆಸರು ಬರೆದು, ಮೆತ್ತಗೆ ಒಳಗೆ ತಿರುಗಿಸ್ತಾ ತಳ ತಾಗೋವರ್ಗೂ ಎಷ್ಟು ಸುತ್ತು ಅಂತ ಎಣಿಸಿ ಬರ್ಕೊಂಡು ವಾಪಸ್ ಅಷ್ಟೇ ತನ್ನಿ. ಇದನ್ನ ಆ ಭಾನುವಾರವೇ ಮಾಡಿದ್ರೆ ಹತ್ತು ನಿಮಿಷದ ಕೆಲಸ ಇತ್ತು.

ಮೊದಲು ಬ್ಲೇಡ್ ಜಾಗ. ಯಾಕಂದ್ರೆ ಅದು ಬದಲಾದ್ರೆ ಉಳಿದಿದ್ದೆಲ್ಲ ಬದಲಾಗತ್ತೆ. ಗನ್ ಹಿಡಿದು, ಗ್ರಿಪ್ಪಲ್ಲಿ ಕೈ ಪೂರ್ತಿ ಕೂತ್ಮೇಲೆ ಬೆರಳು ತಾನಾಗೇ ಎಲ್ಲಿ ಬಂದು ಇಳಿಯತ್ತೋ ಅಲ್ಲಿಗೆ ಬ್ಲೇಡ್ ಬರ್ಬೇಕು, ಬೆರಳನ್ನ ಬ್ಲೇಡ್ ಹತ್ರಕ್ಕೆ ಎಳ್ಕೊಂಡು ಹೋಗ್ಬಾರ್ದು. ತುದಿ ಮತ್ತೆ ಮೊದಲನೇ ಗೆಣ್ಣಿನ ಮಧ್ಯದ ಮೆತ್ತನೆ ಭಾಗ ಬ್ಲೇಡ್ ಮೇಲೆ. ಬೆರಳಿನ ಬುಡದ ಭಾಗ ಗ್ರಿಪ್ಪಿನ ಮರಕ್ಕೆ ತಾಗ್ತಿದ್ಯಾ ನೋಡಿ, ಒಂದು ವಿಸಿಟಿಂಗ್ ಕಾರ್ಡ್ ನಡುವೆ ಜಾರಿಸಿದ್ರೆ ಸಲೀಸಾಗಿ ಹೋಗ್ಬೇಕು. ತಾಗ್ತಿದ್ರೆ ನೀವು ಟ್ರಿಗರ್ ಎಳೆದಾಗೆಲ್ಲ ಗನ್ನನ್ನ ಪಕ್ಕಕ್ಕೆ ತಳ್ತಿರ್ತೀರ, ಅದು ನಿಮಗೆ ಗೊತ್ತೂ ಆಗಲ್ಲ. ಬ್ಲೇಡಿನ ಓರೆ ಕೂಡ ಅಷ್ಟೇ, ಬೆರಳು ನೇರ ಹಿಂದಕ್ಕೆ ಬರೋಹಂಗೆ ಇರ್ಬೇಕು. ಕಣ್ಣು ಮುಚ್ಕೊಂಡು ಹತ್ತು ಸಲ ಹಿಡಿದು ನೋಡಿ, ಹತ್ತು ಸಲನೂ ಬೆರಳು ಅದೇ ಜಾಗಕ್ಕೆ ಬಂದ್ರೆ ಸ್ಕ್ರೂ ಬಿಗಿ ಮಾಡಿ. ಇದಕ್ಕೆ ಎರಡು ದಿನ ತಗೊಂಡ್ರೂ ತಪ್ಪಿಲ್ಲ, ನಾನು ನನ್ನ ಗನ್ನಿಗೆ ಒಂದು ವಾರ ತಗೊಂಡಿದ್ದೆ.

ಆಮೇಲೆ ಫಸ್ಟ್ ಸ್ಟೇಜಿನ ಉದ್ದ ವಾಪಸ್ ತನ್ನಿ, ಬೆರಳಿಗೆ ಕಾಣೋ ಅಷ್ಟು ಖಾಲಿ ದಾರಿ ಇರ್ಲಿ. ಸೀರ್ ಸ್ಕ್ರೂ ಫ್ಯಾಕ್ಟರಿ ಜಾಗದಲ್ಲಿ ಇರ್ಲಿ, ಸಾಕು.

ತೂಕ ಹಂಚೋದು ಹೆಂಗೆ ಅಂದ್ರೆ, ಒಟ್ಟು 515 ಅಂತ ಇಟ್ಕೊಂಡ್ರೆ 380ರಿಂದ 400 ಫಸ್ಟ್ ಸ್ಟೇಜಿಗೆ, ಉಳಿದಿದ್ದು ಸೆಕೆಂಡಿಗೆ. ಬೆರಳು ಗೋಡೆ ತಾಗೋ ಹೊತ್ತಿಗೆ ಮುಕ್ಕಾಲು ಭಾರ ಆಗ್ಲೇ ಎತ್ತಿಯಾಗಿರತ್ತೆ, ಕೊನೆಗೆ ಉಳಿಯೋದು ಸ್ವಲ್ಪ. ಹೊಸಬರು ಉಲ್ಟಾ ಮಾಡ್ತಾರೆ, ಫಸ್ಟ್ ಸ್ಟೇಜ್ ಹತ್ತಿಯಂಗೆ ಇಟ್ಕೊಂಡು ಸೆಕೆಂಡಲ್ಲಿ ಭಾರ ಹಾಕ್ತಾರೆ, ಆಗ ಕೊನೇಲಿ ಕಿತ್ತು ಎಳೀಬೇಕಾಗತ್ತೆ. ಕೆಲವರಿಗೆ ಗೋಡೆ ಇಲ್ದೆ ಉದ್ದಕ್ಕೂ ಉರುಳ್ಕೊಂಡು ಹೋಗೋ ಟ್ರಿಗರ್ ಇಷ್ಟ, ಅದು ಅವರವರ ರುಚಿ, ನೀವು ಈಗ ಅದಕ್ಕೆ ಕೈ ಹಾಕ್ಬೇಡಿ. ಅಳೆಯೋದು ಹತ್ತೂವರೆ ಮೇಡಂ ಹೇಳಿದ ಬಾಟಲಿಯಲ್ಲೇ ಮಾಡಿ. ಅದಕ್ಕೆ ಸಿಲಿಂಡರ್ ವಾಪಸ್ ಹಾಕ್ಬೇಕಾಗತ್ತೆ, ಪೆಲೆಟ್ ಬೇಡ, ಮೂತಿ ಮೇಲಕ್ಕಿರೋವಾಗ ನಿಮ್ಮ ಮುಖ ಅದರ ಮೇಲೆ ಬಗ್ಗಿಸ್ಬೇಡಿ, ಖಾಲಿ ಗಾಳಿನೂ ಕಣ್ಣಿಗೆ ಒಳ್ಳೇದಲ್ಲ.

ಕೊನೇದು ಟ್ರಿಗರ್ ಸ್ಟಾಪ್, ರಿಲೀಸ್ ಆದ್ಮೇಲೆ ಬ್ಲೇಡ್ ಎಷ್ಟು ಹಿಂದೆ ಹೋಗತ್ತೆ ಅನ್ನೋದು. ಸ್ಕ್ರೂ ಒಳಗೆ ತಿರುಗಿಸ್ತಾ ಹೋಗಿ, ಒಂದು ಹಂತದಲ್ಲಿ ರಿಲೀಸ್ ಆಗೋದೇ ನಿಲ್ಲತ್ತೆ. ಅಲ್ಲಿಂದ ವಾಪಸ್ ಬಂದು ರಿಲೀಸ್ ಆಗೋಕೆ ಶುರು ಆದ ಜಾಗದಿಂದ ಇನ್ನೂ ಕಾಲು ಸುತ್ತು ಹೊರಗೆ ತನ್ನಿ. ಆ ಕಾಲು ಸುತ್ತು ಬಿಡದೇ ಇದ್ರೆ, ಸ್ವಲ್ಪ ಧೂಳು ಕೂತ ದಿನ ಮ್ಯಾಚ್ ಮಧ್ಯೆ ಟ್ರಿಗರ್ ಎಳೀತೀರ, ಎಳೀತೀರ, ಎಳೀತಾನೇ ಇರ್ತೀರ.

ಎಲ್ಲ ಆದ್ಮೇಲೆ ಪೆಲೆಟ್ ಇಲ್ದೆ ಕಾಕ್ ಮಾಡಿ, ಮೂತಿ ಸೇಫ್ ಕಡೆ ಇಟ್ಟು, ಗ್ರಿಪ್ಪಿನ ತಳಕ್ಕೆ ಅಂಗೈಯಲ್ಲಿ ತಟ್ಟಿ. ಲಿವರ್ ಸ್ವಲ್ಪ ಜೋರಾಗೇ ಮುಚ್ಚಿ. ಇಪ್ಪತ್ತು ಸಲ. ಒಂದೇ ಒಂದು ಸಲ ರಿಲೀಸ್ ಆದ್ರೂ ಮತ್ತೆ ಮೊದಲಿಂದ, ಎರಡನೇ ಸಲನೂ ಆದ್ರೆ ಕೆಲಸ ಗೊತ್ತಿರೋ ಮೆಕ್ಯಾನಿಕ್ ಹತ್ರ ಕೊಡಿ. ಸೀರ್ ಅಂಚು ಸವೆದಿದ್ರೆ ಯಾವ ಸ್ಕ್ರೂನೂ ಅದನ್ನ ಉಳಿಸಲ್ಲ. ಯೂಟ್ಯೂಬ್ ನೋಡಿ ಎಮರಿ ಪೇಪರಲ್ಲಿ ಸೀರ್ ಪಾಲಿಶ್ ಮಾಡೋಕೆ ಹೋಗ್ಬೇಡಿ, ಅಂಚಿನ ಕೋನ ಕೂದಲೆಳೆ ಅಷ್ಟು ಬದಲಾದ್ರೂ ಗನ್ ಹಿಡೀಲಾರದು. ಸ್ಪ್ರೇ ಆಯಿಲ್ ಕೂಡ ಬೇಡ, ಅದು ಹರಡ್ಕೊಂಡು ಧೂಳು ಹಿಡ್ಕೊಂಡು ಮೂರು ತಿಂಗಳಿಗೆ ಬೆಲ್ಲದ ಪಾಕ ಆಗತ್ತೆ, ಮೆಟ್ರೋ ಕೆಲಸ ನಡೀತಿರೋ ನಮ್ಮೂರಲ್ಲಂತೂ ಕೇಳೋದೇ ಬೇಡ.

ಸ್ಕ್ರೂ ತಲೆಗೂ ಪಕ್ಕದ ಬಾಡಿಗೂ ಸೇರಿಸಿ ನೇಲ್ ಪಾಲಿಶಲ್ಲಿ ಒಂದು ಗೆರೆ ಎಳೀರಿ. ಗೆರೆ ಮುರಿದಿದ್ರೆ ಸ್ಕ್ರೂ ತಿರುಗಿದೆ ಅಂತ ದೂರದಿಂದಲೇ ಕಾಣತ್ತೆ.

ಕೋವಿ ಮನೆ

ಓದಿ ಖುಷಿ ಆಯ್ತು. ನಾನು ಮಡಿಕೇರಿ ಕಡೆಯೋನು, ಈಗ ವಿಜಯನಗರದಲ್ಲಿದೀನಿ. ನಮ್ ಕಡೆ ಟ್ರಿಗರ್‌ಗೆ ಕುದುರೆ ಅಂತ್ಲೂ ಅಂತಿದ್ರು ಹಳಬರು, ಕುದುರೆ ಎಳೆದ ಅಂದ್ರೆ ಹೊಡೆದ ಅಂತ. ಚಿಕ್ಕಪ್ಪನ ಹತ್ರ .32 ಪಿಸ್ತೂಲ್ ಇದೆ, ಪೇಪರ್ ಎಲ್ಲ ಸರಿ ಇದೆ, ಟ್ರಿಗರ್ ಮಾತ್ರ ಕಲ್ಲು ಎಳೆದಂಗೆ. ಅದಕ್ಕೂ ಹಿಂಗೇ ಹೊರಗಿನ ಟ್ರಿಗರ್ ಹಾಕಿ ಲೈಟ್ ಮಾಡಬಹುದಾ?

ಹಳೇ ಟೂಲ್‌ಬಾಕ್ಸ್

ಬೇಡ. ಮೇಲಿರೋದು ಯಾವುದನ್ನೂ ಅದಕ್ಕೆ ಮಾಡ್ಬೇಡಿ ದಯವಿಟ್ಟು.

ಮೇಲೆ ಮಾತಾಡ್ತಿರೋದು 4.5 ಎಂಎಂ ಏರ್ ಪಿಸ್ತೂಲು, ಪೆಲೆಟ್ ಅರ್ಧ ಗ್ರಾಂ ಆಸುಪಾಸು, ಶಕ್ತಿ ಆರು ಜೂಲ್ ಹತ್ರ. 20 ಜೂಲ್ ಒಳಗಿನ, .177 ಬೋರಿನ (ಅಂದ್ರೆ ಇದೇ 4.5 ಎಂಎಂ) ಏರ್ ಗನ್ನಿಗೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಡ. ನಿಮ್ಮ ಚಿಕ್ಕಪ್ಪಂದು ತೋಟೆ ಹಾಕೋ ಫೈರ್ ಆರ್ಮ್, 1959ರ ಆರ್ಮ್ಸ್ ಆಕ್ಟ್ ಕೆಳಗೆ ಬರತ್ತೆ, ಅದರ ರಿಪೇರಿ ಮಾಡೋರಿಗೇ ಬೇರೆ ಲೈಸೆನ್ಸ್ ಇರ್ಬೇಕು. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ಭೂ ಹಿಡುವಳಿ) ಹಿಡುವಳಿದಾರರಿಗೂ 2029ರವರೆಗೆ ಇರೋ ವಿನಾಯಿತಿ ಕೋವಿ ಇಟ್ಕೊಳ್ಳೋಕೆ, ಮನೇಲಿ ವರ್ಕ್‌ಶಾಪ್ ಹಾಕೋಕಲ್ಲ. ಲೈಸೆನ್ಸ್ ಇರೋ ಡೀಲರ್ ಹತ್ರ ಹೋಗಿ ಸರ್ವಿಸ್ ಮಾಡ್ಸಿ, ಎಷ್ಟೋ ಸಲ ಒಳಗಿನ ಹಳೇ ಗ್ರೀಸ್ ಗಟ್ಟಿಯಾಗಿರತ್ತೆ ಅಷ್ಟೇ.

ಅಲ್ದೆ ಕಲ್ಲಿನಂಥ ಟ್ರಿಗರ್ ಆ ಗನ್ನಿಗೆ ಬೇಕು. ಜೇಬಲ್ಲೋ ಬೀರುವಲ್ಲೋ ಇರೋ ಗನ್ನು ಅದು. 25 ಮೀಟರ್ ಮ್ಯಾಚಲ್ಲೇ .22ಗೂ .32ಗೂ ಕನಿಷ್ಠ 1000 ಗ್ರಾಂ ಇರ್ಬೇಕು ಅಂತ ರೂಲ್ ಇದೆ, ಅಂದ್ರೆ ನಮ್ಮ ಏರ್ ಪಿಸ್ತೂಲಿನ ಡಬಲ್, ಅದೂ ರೇಂಜ್ ಆಫೀಸರ್ ಹಿಂದೆ ನಿಂತಿರೋವಾಗ.

ಕೋವಿ ಮನೆ

ಸರಿ ಸರ್ ಅರ್ಥ ಆಯ್ತು. ಚಿಕ್ಕಪ್ಪಂಗೆ ಹೇಳ್ತೀನಿ, ಕೇಳ್ತಾರೋ ಇಲ್ವೋ ಬೇರೆ ಮಾತು.

ಬನಶಂಕರಿ ಬಲಗೈ

ಅಪ್ಡೇಟ್. ಎರಡು ವಾರ ಆಯ್ತು, ಲೇಟಾಯ್ತು ಸಾರಿ.

ಮ್ಯಾನ್ಯುಯಲ್ ಬಂತು, ನೋಡಿದ್ರೆ ಸರ್ ಹೇಳಿದ್ದೇ ನಿಜ, ಫಸ್ಟ್ ಸ್ಟೇಜ್ ಉದ್ದದ ಸ್ಕ್ರೂ ಪೂರ್ತಿ ಒಳಗೆ ಕೂತಿತ್ತು. ಸೀರ್ ಸ್ಕ್ರೂನೂ ಮುಟ್ಟಿದ್ದೆ ಅಂತ ಆಮೇಲೆ ಗೊತ್ತಾಯ್ತು, ಅದರ ತಲೆ ಮೇಲೆ ನನ್ನ ಆಲನ್ ಕೀ ಗೀರಿದ ಹೊಸ ಹೊಳಪು ಇತ್ತು, ಕಳ್ಳ ಸಿಕ್ಕಾಕೊಂಡಂಗೆ ಆಯ್ತು. ಅದನ್ನ ನಾನು ಮಾಡ್ಲಿಲ್ಲ, ಸೀನಿಯರ್ ಮನೆಗೆ ಗನ್ ತಗೊಂಡು ಹೋಗಿ ಅವರ ಕೈಲೇ ಫ್ಯಾಕ್ಟರಿ ಜಾಗಕ್ಕೆ ತರಿಸ್ದೆ. ಬ್ಲೇಡ್ ಜಾಗಕ್ಕೆ ನಾಲ್ಕು ದಿನ ಹಿಡೀತು. ವಿಸಿಟಿಂಗ್ ಕಾರ್ಡ್ ಟೆಸ್ಟಲ್ಲಿ ಬೆರಳು ಗ್ರಿಪ್ಪಿಗೆ ಒತ್ಕೊಂಡಿದೆ ಅಂತ ಗೊತ್ತಾಯ್ತು, ಒಂದೂವರೆ ವರ್ಷದಿಂದ ಹಂಗೇ ಹೊಡೀತಿದ್ದೆ ಅನ್ಸತ್ತೆ.

ಬಾಟಲಿ ತೂಕ 512 ಮಾಡಿ ಸೆಟ್ ಮಾಡ್ದೆ, ಅದರಲ್ಲಿ ಫಸ್ಟ್ ಸ್ಟೇಜ್ 390 ಹತ್ರ. ತಟ್ಟೋ ಟೆಸ್ಟ್ ಇಪ್ಪತ್ತಲ್ಲ ಐವತ್ತು ಸಲ ಮಾಡಿದೀನಿ, ಒಂದ್ಸಲನೂ ಬಿಡ್ಲಿಲ್ಲ. ಹೆಂಡತಿ ನೇಲ್ ಪಾಲಿಶ್ ಮುಗಿಸಿದ್ದಕ್ಕೆ ಹೊಸ ಬಾಟಲಿ ಕೊಡಿಸ್ಬೇಕಾಯ್ತು, ಗುಲಾಬಿ ಗೆರೆ ಗನ್ ಮೇಲೆ ಚೆನ್ನಾಗೇ ಕಾಣತ್ತೆ. ನಿನ್ನೆ ಕ್ಲಬ್ಬಲ್ಲಿ 500 ತೂಕ ಮೊದಲನೇ ಸಲಕ್ಕೇ ಎದ್ದಿತು, ಕೋಚ್ ಏನೂ ಮಾತಾಡ್ಲಿಲ್ಲ, ಸುಮ್ನೆ ತಲೆ ಆಡಿಸಿದ್ರು.

ಆದ್ರೆ ಸ್ಕೋರ್ ಬಿತ್ತು! ಮುಂಚೆ 548 ಬರ್ತಿತ್ತು, ನಿನ್ನೆ 541. ಗ್ರೂಪ್ (ಪೆಲೆಟ್ ಬಿದ್ದ ತೂತುಗಳ ಗುಂಪು) ಪೂರ್ತಿ ಎಡಕ್ಕೆ ಕೆಳಗೆ ಹೋಗಿ ಕೂತಿದೆ, ಎಂಟೂವರೆ ಒಂಬತ್ತರ ಹತ್ರ. ಇದು ಬ್ಲೇಡ್ದಾ ನಂದಾ?

ಫಿಲ್ಟರ್ ಕಾಫಿ ಸ್ಟ್ರಾಂಗ್

ನಾನು ಏನೂ ಹೇಳಲ್ಲಪ್ಪ.

ಹತ್ತೂವರೆ

ಗ್ರೂಪ್ ಬಿಗಿಯಾಗಿದ್ಯಾ ಹರಡ್ಕೊಂಡಿದ್ಯಾ ಅದನ್ನ ಹೇಳಿ ಮೊದ್ಲು. ಬಿಗಿಯಾಗಿ ಒಂದೇ ಕಡೆ ಕೂತಿದ್ರೆ ಖುಷಿ ಪಡಿ, ಮುಂಚೆ ಗ್ರಿಪ್ಪಿಗೆ ಒತ್ಕೊಂಡು ಹೊಡೀತಿದ್ದಾಗ ಸೈಟನ್ನ ಆ ತಪ್ಪಿಗೆ ತಕ್ಕಂಗೆ ಕ್ಲಿಕ್ ಮಾಡ್ಕೊಂಡಿದ್ರಿ, ಈಗ ತಪ್ಪು ಹೋಗಿದೆ ಕ್ಲಿಕ್ಕು ಉಳ್ಕೊಂಡಿದೆ. ಸೈಟ್ ತಿರುಗಿಸಿದ್ರೆ ಮುಗೀತು. ಹರಡ್ಕೊಂಡು ಎಡಕ್ಕೆ ಕೆಳಕ್ಕೆ ಎಳೆದಂಗೆ ಇದ್ರೆ ಅದು ಬಲಗೈಯವರ ಹಳೇ ಕಾಯಿಲೆ, ಕೊನೇ ಕ್ಷಣದಲ್ಲಿ ಕಿತ್ತು ಎಳೀತಿದೀರ, ಹೊಸ ಗೋಡೆ ಎಲ್ಲಿದೆ ಅಂತ ಬೆರಳಿಗೆ ಇನ್ನೂ ಗೊತ್ತಿಲ್ಲ. ಅದಕ್ಕೆ ಸೈಟ್ ಮುಟ್ಬೇಡಿ. ಬಿಳಿ ಗೋಡೆ ಮುಂದೆ ನಿಂತ್ಕೊಂಡು ಡ್ರೈ ಫೈರ್ ಮೋಡಲ್ಲಿ ದಿನಾ ಇನ್ನೂರು ಎಳೆತ, ಮುಂದಿನ ಸೈಟ್ ಮಾತ್ರ ನೋಡ್ತಾ. ಹತ್ತು ದಿನ ಮಾಡಿ.

ಬನಶಂಕರಿ ಬಲಗೈ

ಹರಡ್ಕೊಂಡೇ ಇದೆ ಮೇಡಂ.

ಹತ್ತೂವರೆ

ಗೊತ್ತಿತ್ತು. ಹತ್ತು ದಿನ ಆದ್ಮೇಲೆ ಭಾನುವಾರ ಬೆಳಗ್ಗೆ ರೇಂಜಿಗೆ ಬನ್ನಿ, ಹಿಂದೆ ನಿಂತು ನಿಮ್ ಬೆರಳು ನೋಡ್ತೀನಿ. ಬಾಟಲಿ ಹಾಲು ಏನೂ ತರ್ಬೇಡಿ, ತೂಕ ನನ್ ಹತ್ರ ಇದೆ. ಆಲನ್ ಕೀನೂ ಮನೇಲೇ ಬಿಟ್ಟು ಬನ್ನಿ.